ಸೂಟ್‌ಕೇಸ್‌ನಲ್ಲಿ ಹುಣಸೆಹಣ್ಣು ಯಾಕೆ?

ಮಾನ್ಯ ಸಂಪಾದಕರೇ,

ಆಗಸ್ಟ್ ಹತ್ತಿರ ಬಂತು ಅಂದರೆ ಅಮೆರಿಕಕ್ಕೆ ಓದಲು ಹೊರಟ ಮಕ್ಕಳ ಮನೆಗಳಲ್ಲಿ ಪ್ಯಾಕಿಂಗ್ ಗಲಾಟೆ ಶುರು. ಸಾಮಾನ್ಯವಾಗಿ ಎರಡು ಸೂಟ್‌ಕೇಸ್, ತಲಾ 23 ಕೆ.ಜಿ. ಅದರಲ್ಲಿ ಅರ್ಧ ಜಾಗ ಸಾರಿನ ಪುಡಿ, ಹುಣಸೆಹಣ್ಣು, ಬೆಲ್ಲ, ಅವಲಕ್ಕಿಗೇ ಹೋಗುತ್ತದೆ. ಸಾರಿನ ಪುಡಿ ಸರಿ, ಅಮ್ಮ ಮಾಡಿದ್ದು ಇಲ್ಲಿ ಸಿಗಲ್ಲ. ಉಳಿದದ್ದನ್ನೆಲ್ಲ ಯಾಕೆ ಹೊರುತ್ತೀರಿ ಅಂತ ಕೇಳಲಿಕ್ಕೇ ಈ ಪತ್ರ.

ನಾನಿರುವುದು ಅಟ್ಲಾಂಟಾದ ಹೊರವಲಯದಲ್ಲಿ, ಗ್ವಿನೆಟ್ ಕೌಂಟಿಯಲ್ಲಿ. ಹೊಸದಾಗಿ ಬಂದ ನಮ್ಮವರು ಮೊದಲು ಫೋನ್ ತೆಗೆದು ಹುಡುಕುವುದು ‘ಇಂಡಿಯನ್ ಸ್ಟೋರ್’. ಸಿಗುತ್ತದೆ, ಕಷ್ಟವಿಲ್ಲ. 1974ರಲ್ಲಿ ಷಿಕಾಗೋದ ಡೆವನ್ ಅವೆನ್ಯೂನಲ್ಲಿ ಒಂದು ಪುಟ್ಟ ಅಂಗಡಿಯಾಗಿದ್ದ ಪಟೇಲ್ ಬ್ರದರ್ಸ್ ಈಗ ಎಷ್ಟೋ ಊರುಗಳ ಹೊರವಲಯದಲ್ಲಿದೆ. ಸೋನಾ ಮಸೂರಿ, ತೊಗರಿಬೇಳೆ, ರಾಗಿ ಹಿಟ್ಟು, ಅವಲಕ್ಕಿ, ಎಂಟಿಆರ್ ಪೊಟ್ಟಣ ಎಲ್ಲಕ್ಕೂ ಇಂಥ ಅಂಗಡಿಗಳೇ ಸರಿ. ಅವರೆಕಾಳು ಬೇಕಾದರೆ ಫ್ರೀಜರ್‌ನಲ್ಲಿ ‘ಸೂರ್ತಿ ಲಿಲ್ವಾ’ ಅನ್ನುವ ಗುಜರಾತಿ ಹೆಸರಿನ ಪ್ಯಾಕೆಟ್ ನೋಡಿ. ಕಾಳು ಅದೇ, ಸೊಗಡು ಮಾತ್ರ ಇರಲ್ಲ.

ಆದರೆ ಹಸಿ ತರಕಾರಿ, ಸೊಪ್ಪು, ಮೀನಿಗೆ ಇಂಡಿಯನ್ ಬೋರ್ಡ್ ಒಂದನ್ನೇ ನಂಬಿ ಕೂತರೆ ಕೆಟ್ಟಿರಿ. ಹೋದ ಚಳಿಗಾಲದಲ್ಲಿ ಇಲ್ಲೇ ಒಂದು ಅಂಗಡಿಯಲ್ಲಿ (ಹೆಸರು ಬೇಡ) ಬೆಂಡೆಕಾಯಿ ತುದಿ ಮುರಿದು ನೋಡುತ್ತಿದ್ದೆ, ಮುರಿಯಲೇ ಇಲ್ಲ, ರಬ್ಬರಿನಂತೆ ಬಗ್ಗಿತು. ಪಕ್ಕದಲ್ಲಿ ಕರಿಬೇವು ಕಪ್ಪಾಗಿ ನೀರು ಬಿಟ್ಟು ಕೂತಿತ್ತು. ಬೆಲೆ ಮಾತ್ರ ತಾಜಾ!

ಅಲ್ಲಿಂದ ಸ್ವಲ್ಪ ದೂರದಲ್ಲಿ, ಡುಲೂತ್‌ನ ಪ್ಲೆಸೆಂಟ್ ಹಿಲ್ ರಸ್ತೆಯ ಕಡೆ ಕೊರಿಯನ್ನರ ದೊಡ್ಡ ಅಂಗಡಿಗಳಿವೆ. 1982ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಶುರುವಾದ ಎಚ್ ಮಾರ್ಟ್ ಅದರಲ್ಲೊಂದು. ನಮ್ಮವರಲ್ಲಿ ಎಷ್ಟೋ ಜನ ‘ಅಲ್ಲಿ ಮೀನಿನ ವಾಸನೆ’ ಅಂತ ಒಳಗೇ ಹೋಗಲ್ಲ. ಹೋಗಿ ನೋಡಿ. ಎಳೆ ಹೀರೆಕಾಯಿ, ಉದ್ದ ಬದನೆ, ಮೂಲಂಗಿ, ಕೆಸುವಿನ ಗೆಡ್ಡೆ ಸಿಗುತ್ತದೆ, ಜನ ಜಾಸ್ತಿ ಬರುವುದರಿಂದ ಮಾಲು ನಿಲ್ಲುವುದಿಲ್ಲ. ಕರಾವಳಿಯವರಿಗಂತೂ ಹಬ್ಬ. ಮೀನಿನ ಕೌಂಟರ್ ಮೇಲೆ ಹೇಗೆ ಕತ್ತರಿಸಬೇಕು ಅನ್ನುವುದಕ್ಕೆ ನಂಬರ್ ಹಾಕಿದ ಚಿತ್ರಗಳ ಬೋರ್ಡ್ ಇರುತ್ತದೆ, ಮಾತು ಬರದಿದ್ದರೂ ಬೆರಳು ತೋರಿಸಿದರೆ ಹುರುಪೆ ತೆಗೆದು, ಹೊಟ್ಟೆ ಸೀಳಿ, ತುಂಡು ಮಾಡಿ ಕೈಗೆ ಕೊಡುತ್ತಾರೆ. ಚೀನೀ ಅಂಗಡಿಯ ಫ್ರೀಜರ್‌ನಲ್ಲಿ ಮಾಂಜಿಯೂ (ಪಾಂಫ್ರೆಟ್ ಮೀನು) ಸಿಗುತ್ತದೆ.

ಇನ್ನು ಮೆಕ್ಸಿಕನ್ನರ ಅಂಗಡಿ. ಹುಣಸೆಹಣ್ಣು ಅಲ್ಲಿ ಸಿಪ್ಪೆ ಸಮೇತ ರಾಶಿ ಹಾಕಿರುತ್ತಾರೆ. ಸೀಮೆಬದನೆ, ಬಾಳೆಕಾಯಿ, ಮರಗೆಣಸು ಇದೆ. ‘ಪಿಲೋನ್ಸಿಯೊ’ ಅಂತ ಶಂಕುವಿನ ಆಕಾರದಲ್ಲಿರುವುದು ಕಬ್ಬಿನ ಬೆಲ್ಲವೇ, ಪಾಯಸಕ್ಕೆ ನಡೆಯುತ್ತದೆ. ವಿಯೆಟ್ನಾಂನವರ ಅಂಗಡಿಯಲ್ಲಿ ಬಾಳೆಹೂವು, ಫ್ರೋಜನ್ ಬಾಳೆಎಲೆ, ಡಬ್ಬಿಯಲ್ಲಿ ಎಳೆ ಹಲಸು. ನುಗ್ಗೆಸೊಪ್ಪಿಗೆ ಫಿಲಿಪ್ಪೀನ್ಸ್‌ನವರ ಫ್ರೀಜರ್‌ನಲ್ಲಿ ‘ಮಲುಂಗಾಯ್’ ಹುಡುಕಿ. ಜಮೈಕಾದವರು ‘ಕ್ಯಾಲಲೂ’ ಅಂತ ಮಾರುವುದು ಹರಿವೆ ಸೊಪ್ಪಿನ ಜಾತಿಯದೇ, ಹುಳಿಗೆ ಹಾಕಿದರೆ ಯಾರೂ ಬೇರೆ ಅನ್ನಲ್ಲ.

ಇವೆಲ್ಲ ಒಂದೇ ಸೂರಿನಡಿ ಬೇಕಾದರೆ ಡೋರಾವಿಲ್‌ನ ಬ್ಯೂಫರ್ಡ್ ಹೈವೇ ಫಾರ್ಮರ್ಸ್ ಮಾರ್ಕೆಟ್ ಇದೆ. ಡಿಕೇಟರ್ ಕಡೆ 1977ರಲ್ಲಿ ಸಣ್ಣ ತರಕಾರಿ ಅಂಗಡಿಯಾಗಿ ಶುರುವಾದ ಡಿಕಾಲ್ಬ್ ಫಾರ್ಮರ್ಸ್ ಮಾರ್ಕೆಟ್ ಇದೆ. ಈ ಡಿಕಾಲ್ಬ್ ಮಾರ್ಕೆಟ್‌ನಲ್ಲಿ ಕೆಲಸ ಮಾಡುವವರ ಎದೆಯ ಬ್ಯಾಡ್ಜ್ ಮೇಲೆ ಅವರವರಿಗೆ ಬರುವ ಭಾಷೆಗಳನ್ನೂ ಬರೆದಿರುತ್ತಾರೆ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ, ಸೆಲ್ಫಿಪ್ರಿಯರು ಗಮನಿಸಿ.

ಕರಿಬೇವಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ತಂದೆ ತಾಯಂದಿರೇ, ಹಸಿ ಕರಿಬೇವನ್ನು ಪೇಪರ್‌ನಲ್ಲಿ ಸುತ್ತಿ ಸೀರೆಗಳ ನಡುವೆ ಇಡಬೇಡಿ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಒಂದು ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಆ ರೋಗ ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ತೋಟಗಳು ನೆಲಕಚ್ಚಿವೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಸೊಪ್ಪು ಕಿತ್ತುಕೊಳ್ಳುತ್ತಾರೆ, ಕಸ್ಟಮ್ಸ್‌ನವರಿಗೆ ಹೇಳದೆ ಮುಚ್ಚಿಟ್ಟಿದ್ದರೆ ದಂಡವೂ ಬೀಳಬಹುದು. ಅವರು ಸುಮ್ನೆ ಕಾಟ ಕೊಡುತ್ತಿಲ್ಲ ಅಲ್ವಾ?

ಅಂಗಡಿ ಚೆನ್ನಾಗಿದೆಯೋ ಇಲ್ಲವೋ ನೋಡಲು ನನ್ನದೊಂದೇ ದಾರಿ: ತರಕಾರಿ ಲೋಡ್ ಯಾವ ದಿನ ಬರುತ್ತದೆ ಅಂತ ಕ್ಯಾಶ್ ಕೌಂಟರ್‌ನಲ್ಲಿ ಕೇಳುವುದು. ಥಟ್ಟನೆ ದಿನ ಹೇಳಿದರೆ ಆ ದಿನವೇ ಹೋಗಿ. ‘ಡೈಲಿ ಬರುತ್ತೆ’ ಅಂತ ನಕ್ಕರೆ ಬೇಳೆ ಮಾತ್ರ ತಗೊಂಡು ಬನ್ನಿ.

ದೊಡ್ಡ ತೊಂದರೆ ಇರುವುದು ಹೋಗಿ ಬರುವುದರಲ್ಲಿ. ಅಟ್ಲಾಂಟಾದ ರೈಲು ಡೋರಾವಿಲ್‌ಗೆ ನಿಂತುಬಿಡುತ್ತದೆ. ಅದನ್ನು ಗ್ವಿನೆಟ್‌ಗೆ ತರುವ ಪ್ರಸ್ತಾವ 1971, 1990, 2019 ಮತ್ತು 2020ರಲ್ಲಿ ಜನರ ಮತಕ್ಕೆ ಹೋಗಿ ನಾಲ್ಕು ಸಲವೂ ಬಿದ್ದುಹೋಯಿತು. ಬಸ್ಸು ಇದೆ, ಆದರೆ ಅಕ್ಕಿ ಮೂಟೆ ಹಿಡಿದು ಬಿಸಿಲಲ್ಲಿ ಕಾಯುವವರು ಯಾರು? ಹೀಗಾಗಿ ಕಾರಿಲ್ಲದ ವಿದ್ಯಾರ್ಥಿಗಳು, ಮಗ ಸೊಸೆ ಆಫೀಸಿಗೆ ಹೋದ ಮೇಲೆ ಮನೆಯಲ್ಲೇ ಉಳಿಯುವ ಹಿರಿಯರು ಹತ್ತಿರದ ಅಂಗಡಿಯಲ್ಲಿ ಏನಿದೆಯೋ ಅದನ್ನೇ ತಿನ್ನಬೇಕು. ಇಲ್ಲಿನ ಕನ್ನಡ ಕೂಟದವರು ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ಮಾಡುತ್ತಾರೆ. ಹಾಗೆಯೇ ಶನಿವಾರ ಮಾರ್ಕೆಟ್‌ಗೆ ಹೊರಟ ಕಾರುಗಳಲ್ಲಿ ಖಾಲಿ ಸೀಟು ಎಷ್ಟಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಎಷ್ಟೋ ಜನಕ್ಕೆ ಅನುಕೂಲ.

ಡಲ್ಲಾಸ್, ಎಡಿಸನ್, ಬೇ ಏರಿಯಾ ಕಡೆಯ ಓದುಗರು ತಮ್ಮ ಊರಿನ ಅಂಗಡಿಗಳ ಬಗ್ಗೆ ಹೀಗೇ ಬರೆದರೆ, ದಯವಿಟ್ಟು ಜುಲೈ ಒಳಗೇ ಪ್ರಕಟಿಸಿ. ಆಗಸ್ಟ್ ಹೊತ್ತಿಗೆ ಸೂಟ್‌ಕೇಸ್‌ಗೆ ಬೀಗ ಬಿದ್ದಿರುತ್ತದೆ.

— ಒಬ್ಬ ಓದುಗ, ಗ್ವಿನೆಟ್ ಕೌಂಟಿ, ಜಾರ್ಜಿಯಾ