ಟ್ಯೂಬ್ ಒಬ್ಬರಿಗೆ, ಕಜ್ಜಿ ಇಡೀ ಲೈನಿಗೆ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಕೊಡಗಿನ ಸಿದ್ದಾಪುರದ ಕಡೆ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವವನು ನಾನು. ಆನೆ ಹಾವಳಿ, ರಸ್ತೆ, ಕಾಫಿ ರೇಟು ಅಂತ ನಿಮಗೆ ದಿನಾ ಅರ್ಜಿಗಳು ಬರುತ್ತವೆ. ನಾನು ಬರೆಯುತ್ತಿರುವುದು ಕಜ್ಜಿಯ ಬಗ್ಗೆ. ನಗಬೇಡಿ. ಕಜ್ಜಿಗಾಗಿ ಯಾರೂ ರಸ್ತೆ ತಡೆ ಮಾಡುವುದಿಲ್ಲ. ಹಾಗಾಗಿಯೇ ಅದು ಇನ್ನೂ ನಿಮ್ಮ ಮೇಜಿಗೆ ಬಂದಿಲ್ಲ.

ಮಳೆ ಹಿಡಿದ ಮೇಲೆ ಸಂತೆ ದಿನ ಒಂದು ಗಂಟೆ ನಮ್ಮ ಅಂಗಡಿಯಲ್ಲಿ ಕೂತರೆ ಸಾಕು. ಲೈನ್ ಮನೆಯಿಂದ, ಅಂದರೆ ಕಾಫಿ ತೋಟದ ಕೆಲಸದವರು ಇರುವ ಸಾಲುಮನೆಯಿಂದ, ಬಂದ ಹೆಂಗಸು ಮೊದಲು ಕೆಮ್ಮಿನ ಔಷಧಿ ಕೇಳುತ್ತಾಳೆ. ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ಆಮೇಲೆ ಮಗುವಿನ ಕೈ ಮುಂದೆ ಮಾಡುತ್ತಾಳೆ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಕೆರೆದು ಕೆರೆದು ಕೆಲವು ಕೀವಾಗಿ, ಮೇಲೆ ಹಳದಿ ಹಕ್ಕಳೆ ಕಟ್ಟಿರುತ್ತದೆ. "ರಾತ್ರಿ ಮಲಗೋಕೇ ಬಿಡಲ್ಲ ಅಣ್ಣಾ" ಅನ್ನುತ್ತಾಳೆ. ಡಾಕ್ಟರ ಚೀಟಿ ಇದ್ದರೆ ಅದರಲ್ಲಿ ಪರ್ಮೆಥ್ರಿನ್ ಕ್ರೀಮ್ ಅಂತ ಬರೆದಿರುತ್ತದೆ. ಒಂದೇ ಟ್ಯೂಬ್.

ಆ 30 ಗ್ರಾಂ ಟ್ಯೂಬ್ ಒಬ್ಬ ದೊಡ್ಡವರಿಗೆ ಒಂದು ಸಲಕ್ಕೆ ಸರಿಹೋಗುತ್ತದೆ. ಕುತ್ತಿಗೆಯಿಂದ ಅಂಗಾಲಿನ ತನಕ ಹಚ್ಚಿ 8ರಿಂದ 12 ಗಂಟೆ ಬಿಡಬೇಕು. ವಾರ ಬಿಟ್ಟು ಇನ್ನೊಂದು ಸಲ. ತುರಿಕೆ ಇರಲಿ, ಇಲ್ಲದಿರಲಿ, ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು. ಆರು ಜನ ಇರುವ ಮನೆಗೆ ಎಷ್ಟು ಟ್ಯೂಬ್ ಆಯಿತು, ನೀವೇ ಲೆಕ್ಕ ಹಾಕಿ. ಅವಳು ಅದನ್ನು ಮಗುವಿನ ಬೆರಳಿಗಷ್ಟೇ ಹಚ್ಚಿ ಉಳಿಸಿಕೊಳ್ಳುತ್ತಾಳೆ. ತಿಂಗಳು ಕಳೆಯುವುದರೊಳಗೆ ಮತ್ತೆ ಅಂಗಡಿಗೆ ಬರುತ್ತಾಳೆ.

ಕಜ್ಜಿ ತರುವುದು ಒಂದು ಹುಳ. ಅದು ಕಣ್ಣಿಗೆ ಕಾಣುವುದೇ ಕಷ್ಟ, ಅರ್ಧ ಮಿಲಿಮೀಟರೂ ಇಲ್ಲ. ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರಲ್ಲಿ ಅವರಿಂದ ಪಕ್ಕದಲ್ಲಿ ಮಲಗುವವರಿಗೆ ದಾಟಿರುತ್ತದೆ. ಒಂದು ಕೋಣೆ, ಎರಡು ಕಂಬಳಿ, ಐದಾರು ಜನ ಅಂದರೆ ಅದಕ್ಕೆ ಬೇರೇನೂ ಬೇಕಿಲ್ಲ. "ಅಸ್ಸಾಮಿನವರು ತಂದ ಕಾಯಿಲೆ" ಅಂತ ನಮ್ಮವರು ಸುಲಭವಾಗಿ ಹೇಳಿಬಿಡುತ್ತಾರೆ. ಕೋಣೆ ಕೊಟ್ಟವರು ನಾವೇ ಅಲ್ವಾ? ಆದಿವಾಸಿಗಳ ಹಾಡಿಗಳಲ್ಲೂ ಇದೇ ಕಥೆ. ಅಲ್ಲಿನವರು ಎಲ್ಲಿಂದಲೂ ಬಂದವರಲ್ಲ.

ಸುಮ್ನೆ ತುರಿಕೆಯಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕೆರೆದ ಗಾಯದೊಳಗೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಅದಾಗಿ ಕೆಲವು ವಾರಕ್ಕೆ ಕೆಲವು ಮಕ್ಕಳಿಗೆ ಬೆಳಿಗ್ಗೆ ಮುಖ ಊದಿಕೊಳ್ಳುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಕಿಡ್ನಿಯ ಉರಿಯೂತ. ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಡುವುದಕ್ಕೂ ಈ ಚರ್ಮದ ಸೋಂಕಿಗೂ ನಂಟು ಇದೆಯೇ ಅಂತ ಸಂಶೋಧಕರು ಹುಡುಕುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಇದಕ್ಕೆ ದಾರಿಯೂ ಇದೆ. ಫಿಜಿ ದ್ವೀಪಗಳಲ್ಲಿ ಒಂದು ಅಧ್ಯಯನ ನಡೆಯಿತು, 2015ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ಕಡೆ ಎಂದಿನಂತೆ ಕಜ್ಜಿ ಇದ್ದವರಿಗೆ ಮತ್ತು ಅವರ ಜೊತೆಯವರಿಗೆ ಮಾತ್ರ ಕ್ರೀಮ್ ಕೊಟ್ಟರು. ವರ್ಷದ ನಂತರ ಕಜ್ಜಿ ಶೇ. 36.6ರಿಂದ 18.8ಕ್ಕೆ ಇಳಿಯಿತು. ಇನ್ನೊಂದು ಕಡೆ ಇಡೀ ಊರಿಗೇ ಐವರ್ಮೆಕ್ಟಿನ್ ಮಾತ್ರೆ ಕೊಟ್ಟರು. ಅಲ್ಲಿ ಶೇ. 32.1 ಇದ್ದದ್ದು 1.9ಕ್ಕೆ ಇಳಿಯಿತು! ಕೀವು ಗಾಯಗಳೂ ಶೇ. 24.6ರಿಂದ 8ಕ್ಕೆ ಬಂದವು. ಗರ್ಭಿಣಿಯರಿಗೆ, 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಈ ಮಾತ್ರೆ ಕೊಡುವುದಿಲ್ಲ. ಅವರಿಗೆ ಕ್ರೀಮ್ ಇದ್ದೇ ಇದೆ.

ಐವರ್ಮೆಕ್ಟಿನ್ ಅಂದರೆ ಕೊರೋನಾ ಕಾಲದ ಗಲಾಟೆ ನೆನಪಾಗಿ ಅಧಿಕಾರಿಗಳು ಹಿಂಜರಿಯಬಹುದು. ನಮ್ಮದೇ ರಾಜ್ಯದ ಯಾದಗಿರಿಯಲ್ಲಿ ಆನೆಕಾಲು ರೋಗಕ್ಕೆ ಅದು ಸೇರಿದ ಮೂರು ಮಾತ್ರೆಗಳನ್ನು ಮನೆ ಮನೆಗೆ ಕೊಟ್ಟಿದ್ದಾರೆ. ಆರೋಗ್ಯ ಇಲಾಖೆಗೆ ಇದು ಹೊಸ ಕೆಲಸ ಅಲ್ಲ. ಕೊಡಗಿನವರಿಗಂತೂ ಅಲ್ಲವೇ ಅಲ್ಲ. ಕೊಡವರ ಕಕ್ಕಡ ತಿಂಗಳ 18ಕ್ಕೆ ಎಲ್ಲರ ಮನೆಯಲ್ಲೂ ಒಂದೇ ದಿನ ಮದ್ದುಸೊಪ್ಪಿನ ಪಾಯಸ ತಿನ್ನುವ ಜಿಲ್ಲೆ ನಮ್ಮದು. ಎಲ್ಲರೂ ಒಟ್ಟಿಗೆ ಮದ್ದು ತಗೊಳ್ಳಿ ಅಂದರೆ ಇಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಆದರೆ ಮಾತ್ರೆಗಿಂತ ಮೊದಲು ಲೆಕ್ಕ ಬೇಕು. ನೂರಕ್ಕೆ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನರಿಗೆ ಕಜ್ಜಿ ಇದ್ದರೆ ಎಲ್ಲರಿಗೂ ಮದ್ದು ಕೊಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಲಹೆ. ನಮ್ಮ ಲೈನ್ ಮನೆಗಳಲ್ಲಿ ನೂರಕ್ಕೆ ಎಷ್ಟು? ಅಂಗಡಿ ಕೌಂಟರಿನಿಂದ ನಾನು ಹೇಳುವ ಮಾತು ಲೆಕ್ಕ ಆಗುವುದಿಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಎಂಬಿಬಿಎಸ್ ಮಕ್ಕಳು ಕುಟುಂಬಗಳನ್ನು ದತ್ತು ತಗೊಂಡು ಅವರ ಆರೋಗ್ಯ ನೋಡುವ ಕಾರ್ಯಕ್ರಮವೂ ಅವರ ಪಾಠದಲ್ಲೇ ಇದೆ. ಆ ಕುಟುಂಬಗಳಲ್ಲಿ ಲೈನ್ ಮನೆ ಮತ್ತು ಹಾಡಿಗಳೂ ಇರಲಿ. ಕಜ್ಜಿ ಗುರುತಿಸಲು ದೊಡ್ಡ ಯಂತ್ರ ಬೇಡ. ಬೆಳಕು, ಭೂತಗನ್ನಡಿ ಮತ್ತು ಕಲಿತ ಕಣ್ಣು ಸಾಕು.

ಈ ತಪಾಸಣೆಯನ್ನು ಕಾಫಿ ಕುಯ್ಲಿನ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಆಗ ತೋಟದ ಕೆಲಸ ನೋಡಿಕೊಳ್ಳುವ ರೈಟರು ಅರ್ಧ ದಿನ ರಜೆಯನ್ನೂ ಕೊಡುವುದಿಲ್ಲ, ಕೆಲಸದವರೂ ಕೂಲಿ ಬಿಟ್ಟು ಬರುವುದಿಲ್ಲ. ಮಳೆ ಬಿರುಸಾಗಿ ಕೆಲಸ ನಿಂತ ದಿನ ಎಲ್ಲರೂ ಲೈನಿನಲ್ಲೇ ಇರುತ್ತಾರೆ. ಇನ್ನೊಂದು ಮಾತು. "ಬಟ್ಟೆ, ಕಂಬಳಿ ಬಿಸಿಲಿಗೆ ಹಾಕಿ" ಅಂತ ಹೇಳುವ ಪೋಸ್ಟರ್ ಜುಲೈ ತಿಂಗಳ ಕೊಡಗಿಗೆ ಆಗುವುದಿಲ್ಲ, ಬಿಸಿಲು ಎಲ್ಲಿದೆ? ಚರ್ಮದಿಂದ ಹೊರಗೆ ಬಂದ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಾರ ಇಟ್ಟರೆ ಆಯಿತು. ಅಷ್ಟು ದಿನಕ್ಕೆ ಹೊದೆಯಲು ಬೇರೆ ಕಂಬಳಿ ಬೇಕಲ್ಲ, ಅದನ್ನು ತೋಟದ ಮಾಲೀಕರು ಕೊಡಲಿ. 1951ರ ತೋಟ ಕಾರ್ಮಿಕರ ಕಾಯ್ದೆಯಿಂದಲೂ ಮನೆ, ಚಿಕಿತ್ಸೆ ದೊಡ್ಡ ತೋಟಗಳ ಹೊಣೆಯೇ. ಸಣ್ಣ ಬೆಳೆಗಾರರ ಲೈನಿಗೆ ಪಂಚಾಯಿತಿ ನೋಡಿಕೊಳ್ಳಬೇಕು.

ನಮ್ಮ ಕಸುಬಿನವರ ಬಗ್ಗೆಯೂ ಹೇಳಲೇಬೇಕು. ತುರಿಕೆ ಅಂದ ತಕ್ಷಣ ಸ್ಟೀರಾಯ್ಡ್ ಬೆರೆತ "ಮೂರು ಮದ್ದಿನ" ಕ್ರೀಮ್ ಕೊಡುವ ಅಂಗಡಿಗಳಿವೆ. ನಾನು ಕೊಡದಿದ್ದರೆ ನಾಲ್ಕು ಹೆಜ್ಜೆ ಆಚೆ ಸಿಗುತ್ತದೆ. ಎರಡು ದಿನ ತುರಿಕೆ ಅಡಗುತ್ತದೆ, ಒಳಗೆ ಹುಳ ಹಾಯಾಗಿರುತ್ತದೆ. ಹುಳುಕಡ್ಡಿ ಇದ್ದವರಿಗಂತೂ ಇನ್ನೂ ಕೆಟ್ಟದ್ದು: ಒದ್ದೆ ಗಂಬೂಟು, ಒಣಗದ ಬಟ್ಟೆ, ಮೇಲೆ ಸ್ಟೀರಾಯ್ಡ್. ತೊಡೆಸಂದಿಯಿಂದ ಸೊಂಟ, ಹೊಟ್ಟೆ ತನಕ ಹರಡಿ ವರ್ಷಗಟ್ಟಲೆ ಹೋಗುವುದಿಲ್ಲ. ಮಾಮೂಲಿ ಮಾತ್ರೆಗೆ ಬಗ್ಗದ ಹುಳುಕಡ್ಡಿ ಶಿಲೀಂಧ್ರವೊಂದು ನಮ್ಮ ದೇಶದಲ್ಲೇ ಹಬ್ಬಿ, 2020ರಲ್ಲಿ ಅದಕ್ಕೆ ಇಂಡೋಟಿನಿಯೆ ಅಂತ ಹೆಸರೂ ಬಿತ್ತು. 2018ರಲ್ಲೇ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಡ್ರಗ್ ಇನ್‌ಸ್ಪೆಕ್ಟರ್ ಬಂದು ನನ್ನ ಅಂಗಡಿಯಿಂದಲೇ ತಪಾಸಣೆ ಶುರು ಮಾಡಲಿ.

ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ತಾಲ್ಲೂಕು ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಅಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಎರಡು ಪ್ರಶ್ನೆ ಕೇಳಿ. ಒಂದು, ಲೈನ್ ಮನೆ ಮತ್ತು ಹಾಡಿಗಳ ಚರ್ಮ ತಪಾಸಣೆಗೆ ಮೆಡಿಕಲ್ ಕಾಲೇಜಿನ ಜೊತೆ ಯಾವಾಗ ಕೂತು ಮಾತಾಡುತ್ತೀರಿ? ಎರಡು, ಅಲ್ಲಿಯವರೆಗೆ ಕಜ್ಜಿ ಅಂತ ಬಂದವರಿಗೆ ಮನೆಯ ತಲೆ ಎಣಿಸಿ ಟ್ಯೂಬ್ ಕೊಡಲು ಈ ಮಳೆಗಾಲಕ್ಕೆ ಎಷ್ಟು ಸ್ಟಾಕ್ ತರಿಸುತ್ತೀರಿ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮೆಡಿಕಲ್ ಅಂಗಡಿಯವನು