ಮೊದಲು ಬಳ್ಳಿಯನ್ನು ನೋಡು

ಉಡುಪಿ,
ಶ್ರಾವಣ ಮಾಸ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನೀನೂ ಅಳಿಯಂದಿರೂ ಸೆಪ್ಟೆಂಬರಿನಲ್ಲಿ ಗ್ರೀಸಿಗೆ ಹೊರಟಿದ್ದೀರೆಂದೂ, ಸ್ಯಾಂಟೊರಿನಿ ದ್ವೀಪದಲ್ಲಿ ಒಂದು ಸಂಜೆ ಅಲ್ಲಿಯ ಗೈಡ್ ಜೊತೆ ಸಮುದ್ರದಂಚಿನಲ್ಲಿ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಆ ಊರಿನದೇ ವೈನ್ ಸವಿಯುತ್ತ ಸೂರ್ಯಾಸ್ತ ನೋಡುವ ಏರ್ಪಾಡಿಗೆ ಹಣ ಕಟ್ಟಬೇಕೆಂದಿದ್ದೀರೆಂದೂ ನಿನ್ನ ಅಮ್ಮ ಫೋನಿನಲ್ಲಿ ತಿಳಿಸಿದಳು. ಅವಳ ಧ್ವನಿಯಲ್ಲಿ ಸ್ವಲ್ಪ ಅಳುಕಿತ್ತು. "ಅಕ್ಕಾ, ನೀನೇ ಅವಳಿಗೆ ಒಂದು ಮಾತು ಬರೆ" ಎಂದಳು. ಬೇಡವೆಂದು ನಾನು ಬರೆದೇನೆಂಬುದು ಅವಳ ನಿರೀಕ್ಷೆಯಾಗಿರಬೇಕು. ಆದರೆ ನಾನು ಬೇಡವೆನ್ನಲಾರೆ. ಆ ದ್ವೀಪಕ್ಕೆ ನಾನೂ ನಿನ್ನ ದೊಡ್ಡಪ್ಪನೂ ಎರಡು ಸಲ ಹೋಗಿ ಬಂದವರು. ಮೊದಲ ಸಲ ಇಂಥದೇ ಒಂದು ಸಂಜೆಯನ್ನು ಕೈಯಾರೆ ಹಾಳುಮಾಡಿಕೊಂಡೆವು, ಎರಡನೆಯ ಸಲ ಅದು ನಮಗೆ ಪೂರ್ತಿಯಾಗಿ ದಕ್ಕಿತು. ಎರಡರ ನಡುವಿನ ವ್ಯತ್ಯಾಸ ನಿನಗೆ ಮೊದಲೇ ಗೊತ್ತಿರಲಿ ಎಂದು ಈ ಕಾಗದ.

2014ರ ಜೂನಿನಲ್ಲಿ ನಾವು ಮೊದಲು ಹೋದಾಗ, ಎಲ್ಲರೂ ಹೇಳುವಂತೆ ದ್ವೀಪದ ಉತ್ತರ ತುದಿಯಲ್ಲಿರುವ ಈಯಾ ಎಂಬ ಊರಿಗೆ ಹೋದೆವು. ನಕ್ಷೆಯಲ್ಲಿ ಅದನ್ನು ಓಯಾ ಎಂದು ಓದಿಕೊಳ್ಳುವಂತೆ ಬರೆದಿರುತ್ತಾರೆ, ಊರವರು ಈಯಾ ಎನ್ನುತ್ತಾರೆ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ಕಳೆದ ಮೇಲೆ. ಜಾಗ ಸಿಗದೆಂಬ ಭಯದಿಂದ ಐದೂವರೆಗೇ ಹೋಗಿ ಹಳೆಯ ಕೋಟೆಯ ಗೋಡೆಯ ಬಳಿ ನಿಂತೆವು. ಮಧ್ಯಾಹ್ನ ಸರಿಯಾಗಿ ಊಟ ಮಾಡಿರಲಿಲ್ಲ. ಬಿಸಿಲಿಗೆ ಬಾಯಾರಿ, ಹತ್ತಿರದ ಅಂಗಡಿಯಲ್ಲಿ ತಣ್ಣಗಿನ ಬಿಳಿ ವೈನ್ ಕೊಂಡು ನೀರಿನಂತೆ ಎರಡು ಲೋಟ ಕುಡಿದೆ. ಐವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಬಾರಿ ಮುಟ್ಟಿದ್ದು ಅದು. ಅರ್ಧ ಗಂಟೆಯಲ್ಲಿ ತಲೆ ಸುತ್ತತೊಡಗಿತು. ಜನರ ನೂಕುನುಗ್ಗಲಿನಲ್ಲಿ ಕೂರಲೂ ಜಾಗವಿಲ್ಲದೆ ಯಾರದೋ ಮನೆಯ ಮೆಟ್ಟಿಲ ಮೇಲೆ ಮೊಣಕಾಲಿಗೆ ಹಣೆಯಿಟ್ಟು ಕುಳಿತೆ. ನಿನ್ನ ದೊಡ್ಡಪ್ಪ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಸೂರ್ಯ ಮುಳುಗಿದೊಡನೆ ಅಲ್ಲಿಯ ರೂಢಿಯಂತೆ ಜನ ಚಪ್ಪಾಳೆ ತಟ್ಟಿದರು. ಅಷ್ಟು ದೂರ ಹೋಗಿ ನಾನು ಕೇಳಿದ್ದು ಆ ಚಪ್ಪಾಳೆಯನ್ನು ಮಾತ್ರ.

2018ರ ಸೆಪ್ಟೆಂಬರಿನಲ್ಲಿ ಮತ್ತೆ ಹೋಗುವ ಯೋಗ ಬಂತು. ಈ ಸಲ ಆ ದ್ವೀಪದಲ್ಲೇ ಹುಟ್ಟಿ ಬೆಳೆದ ಹೆಂಗಸೊಬ್ಬರು ನಮ್ಮ ಗೈಡ್ ಆಗಿದ್ದರು, ಜೊತೆಗೆ ಇನ್ನೊಂದು ದಂಪತಿ, ಅಷ್ಟೇ. ಸಂಜೆ ನಾಲ್ಕೂವರೆಗೆ ಬಂದ ಅವರು ನಮ್ಮನ್ನು ಸಮುದ್ರದ ಕಡೆಗೆ ಕರೆದೊಯ್ಯಲಿಲ್ಲ. ಮೆಗಾಲೊಹೋರಿ ಊರಿನ ಹೊರಗೆ ಒಂದು ಬಯಲಿನಲ್ಲಿ ಗಾಡಿ ನಿಲ್ಲಿಸಿ, "ಇದೇ ದ್ರಾಕ್ಷಿ ತೋಟ" ಎಂದರು. ನನಗೆ ತೋಟವೇ ಕಾಣಲಿಲ್ಲ. ಚಪ್ಪರವಿಲ್ಲ, ಕಂಬವಿಲ್ಲ, ತಂತಿಯಿಲ್ಲ. ಬೂದಿ ಬಣ್ಣದ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಪೊದೆ, ಮೊಣಕಾಲೆತ್ತರವೂ ಇಲ್ಲ. ಆಕೆ ನೆಲಕ್ಕೆ ಮಂಡಿಯೂರಿ ಎರಡೂ ಕೈಯಿಂದ ಎಲೆಗಳನ್ನು ಸರಿಸಿ ತೋರಿಸಿದಾಗ ನಾನು ಬೆರಗಾದೆ. ನೀರಿನ ಕೊಡ ಹೊರುವಾಗ ನಮ್ಮ ಅಜ್ಜಿಯಂದಿರು ತಲೆಯ ಮೇಲಿಡುತ್ತಿದ್ದ ಸಿಂಬೆ ನಿನಗೆ ನೆನಪಿದೆಯೇ? ಬಳ್ಳಿಯನ್ನು ಹಾಗೆಯೇ ವರ್ಷ ವರ್ಷವೂ ಸುತ್ತಿ ಸುತ್ತಿ ದೊಡ್ಡ ಸಿಂಬೆಯಂತೆ ಹೆಣೆದಿದ್ದರು. ತೊಗಟೆ ಒಣಗಿದ ಹಗ್ಗದಂತೆ ಒರಟು. ಆ ವರ್ಷದ ಕೊಯ್ಲು ಆಗಸ್ಟಿನಲ್ಲೇ ಮುಗಿದಿತ್ತು. ಬುಟ್ಟಿಯಂತಿದ್ದ ಆ ಹೆಣಿಗೆಯ ಒಳಮಗ್ಗುಲಲ್ಲಿ ಕಣ್ತಪ್ಪಿ ಉಳಿದಿದ್ದ ಪುಟ್ಟ ಗೊಂಚಲೊಂದು ಮಾತ್ರ ಬಾಡುತ್ತ ತೂಗುತ್ತಿತ್ತು. ಅದರಿಂದ ಒಂದು ಕಾಳು ಕಿತ್ತು ನನ್ನ ಅಂಗೈಯಲ್ಲಿಟ್ಟರು. ಸಿಪ್ಪೆಯ ಮೇಲೆ ಬೂದಿಯಂಥ ಧೂಳು, ಬಾಯಲ್ಲಿ ಮೊದಲು ಸಿಹಿ, ಹಿಂದೆಯೇ ನಿಂಬೆಯಂಥ ಹುಳಿ.

ಹಾಗೇಕೆ ಹೆಣೆಯುತ್ತಾರೆಂಬುದನ್ನು ತಿಳಿದುಕೊಂಡೇ ನೀನು ಆ ವೈನನ್ನು ಬಾಯಿಗಿಡಬೇಕೆಂಬುದು ನನ್ನ ಆಸೆ. ಬೇಸಿಗೆಯುದ್ದಕ್ಕೂ ಅಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ನೇರ ನಿಂತ ಬಳ್ಳಿಯ ಕುಡಿಯನ್ನು ಮುರಿದು, ಮರಳು ಹೊಡೆದು ಕಾಯಿಯನ್ನು ಗೀರಿ ಹಾಕುವ ಗಾಳಿ ಅದು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ಚಪ್ಪರ ಹಾಕಿ ಬಳ್ಳಿಯನ್ನು ಮೇಲಕ್ಕೆ ಹಬ್ಬಿಸುತ್ತಾರೆ, ಅಲ್ಲಿಯವರು ಅದಕ್ಕೆ ತದ್ವಿರುದ್ಧವಾಗಿ ನೆಲಕ್ಕೆ ಒತ್ತಿ ಮಲಗಿಸಿ, ಹಣ್ಣನ್ನು ಬುಟ್ಟಿಯೊಳಗೆ ಅಡಗಿಸುತ್ತಾರೆ. ಈ ಕಟ್ಟಿಗೆ ಅವರು ಕುಲೂರಾ ಎನ್ನುತ್ತಾರೆ. ಬೇಸಿಗೆಯಲ್ಲಿ ಮಳೆ ಇಲ್ಲವೆಂದರೆ ಇಲ್ಲವೇ. ವರ್ಷವಿಡೀ ಅಲ್ಲಿ ಸುರಿಯುವ ನೀರು ನಮ್ಮ ಉಡುಪಿಯಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ಸುಮಾರು 3,600 ವರ್ಷಗಳ ಹಿಂದೆ ಸಿಡಿದ ಜ್ವಾಲಾಮುಖಿ ಉಗುಳಿದ ತೂತು ತೂತಿನ ಹಗುರ ಕಲ್ಲೇ ಅಲ್ಲಿಯ ಮಣ್ಣು. ರಾತ್ರಿ ಸಮುದ್ರದಿಂದೇಳುವ ಮಂಜಿನ ತೇವವನ್ನು ಆ ಕಲ್ಲು ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನು ನೆಲಸಮ ಮಾಡಿದ ಫಿಲಾಕ್ಸೆರಾ ಎಂಬ ಬೇರಿನ ಹೇನು ಜೇಡಿಯಿಲ್ಲದ ಈ ಮಣ್ಣಿನಲ್ಲಿ ನೆಲೆಯೂರಲಾಗದ ಕಾರಣ, ಕಸಿ ಮಾಡದ ಬಳ್ಳಿಗಳು ಅಲ್ಲಿ ತಮ್ಮ ಸ್ವಂತ ಬೇರಿನ ಮೇಲೇ ನಿಂತಿವೆ. ಬುಟ್ಟಿ ಮುದಿಯಾಗಿ ಫಲ ಕಡಿಮೆಯಾದಾಗ ಮೇಲಿನ ಭಾಗವನ್ನು ಕಡಿದುಬಿಡುತ್ತಾರೆ, ಅದೇ ಬೇರಿನಿಂದ ಹೊಸ ಕುಡಿ ಒಡೆಯುತ್ತದೆ. ಕಣ್ಣಿಗೆ ಕಾಣುವ ಬಳ್ಳಿಗಿಂತ ಬೇರು ಎಷ್ಟೋ ತಲೆಮಾರು ಹಿರಿದು.

ಇಷ್ಟು ನೋಡಿದ ಮೇಲೆ ಆಕೆ ನಮ್ಮನ್ನು ದ್ವೀಪದ ನೈಋತ್ಯ ತುದಿಗೆ, 1892ರಲ್ಲಿ ಕಟ್ಟಿದ ಅಕ್ರೊತಿರಿ ದೀಪಸ್ತಂಭದ ಕಡೆಗೆ ಕರೆದೊಯ್ದರು. ಸೆಪ್ಟೆಂಬರಿನಲ್ಲಿ ಅಲ್ಲಿಂದ ಸೂರ್ಯ ನೇರವಾಗಿ ತೆರೆದ ಕಡಲಿಗೇ ಇಳಿಯುತ್ತಾನೆ, ಮಲ್ಪೆಯಲ್ಲಿ ನಿಂತು ನೋಡಿದ ಹಾಗೆ. ಬಂಡೆಯ ಅಂಚಿನಿಂದ ಬಹಳ ಹಿಂದೆ ಸರಿದು, ಗಾಳಿಗೆ ಅಡ್ಡವಾಗುವ ಒಂದು ಕಲ್ಲುಗೋಡೆಯ ಮರೆಯಲ್ಲಿ ದಪ್ಪ ಜಮಖಾನ ಹಾಸಿದರು. ಮೊದಲು ನೀರು ಕೊಟ್ಟರು. ಆಮೇಲೆ ಊಟ ಬಡಿಸಿದರು. ವೈನಿನ ಮಾತು ಬಂದದ್ದು ನಾವು ನಾಲ್ಕು ತುತ್ತು ಉಂಡ ಮೇಲೆಯೇ. ಈ ಕ್ರಮವನ್ನು ಮರೆಯಬೇಡ, ಪುಟ್ಟಿ. ನಿಮ್ಮನ್ನು ಕರೆದೊಯ್ಯುವವರು ಮರೆತರೂ ನೀನೇ ಕೇಳಿ ಹಾಗೆ ಮಾಡಿಸಿಕೋ.

ಆ ಊಟ ನಮ್ಮಂಥ ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದಂತಿದೆ. ಫಾವಾ ಎಂಬ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ. ಒಗ್ಗರಣೆ ಕಾಣದ ನಮ್ಮ ತೊವ್ವೆಯೇ ಅದು. ನೀರು ಹಾಯಿಸದೆ ಬೆಳೆದ ಗೋಲಿಯಷ್ಟು ಟೊಮೆಟೊ, ಅದರದೇ ಕರಿದ ವಡೆ, ಉಪ್ಪಿನಲ್ಲಿ ಹಾಕಿಟ್ಟ ಕೇಪರ್ ಎಂಬ ಗಿಡದ ಮೊಗ್ಗು, ಆಡಿನ ಹಾಲಿನ ಹಸಿ ಚೀಸ್, ಸುಟ್ಟ ಬಿಳಿ ಬದನೆ. ಮಟ್ಟುಗುಳ್ಳವನ್ನು ಮಟ್ಟುವಿನ ಮಣ್ಣೇ ಕೊಡಬೇಕು ಎನ್ನುತ್ತೇವಲ್ಲ, ಆ ಬದನೆಯನ್ನು ಕುರಿತು ಅವರೂ ಹಾಗೆಯೇ ಹೇಳುತ್ತಾರೆ, ಅಷ್ಟೇ ಅಭಿಮಾನದಿಂದ. ಮೀನು ಮಾಂಸ ಬೇಡವೆಂಬುದನ್ನು ಹಣ ಕಟ್ಟುವಾಗಲೇ ತಿಳಿಸು, ಸಂಜೆ ಅಲ್ಲಿ ಹೋಗಿ ಹೇಳಿದರೆ ಅವರಿಗೂ ಸಂಕಟ.

ಇನ್ನು ವೈನಿನ ಮಾತು. ಅಲ್ಲಿಯ ಮುಖ್ಯ ದ್ರಾಕ್ಷಿ ಅಸಿರ್ಟಿಕೊ. ಸೀಸೆಯ ಚೀಟಿಯ ಮೇಲೆ ಸ್ಯಾಂಟೊರಿನಿ ಎಂಬ ಹೆಸರು ಹಾಕಿಕೊಳ್ಳಲು 1971ರಿಂದ ಕಾನೂನಿನ ಕಟ್ಟುಪಾಡಿದೆ. ಆದ್ದರಿಂದ ಆ ಹೆಸರನ್ನು ನೋಡಿ, ದ್ವೀಪದ ಹಣ್ಣಿನಿಂದಲೇ ಮಾಡಿದ್ದೆಂದು ಖಾತ್ರಿ ಮಾಡಿಕೊಂಡು ಕುಡಿ. ಅದು ಹುಳಿ ಮುಂದಾದ, ನಾಲಿಗೆಯ ಅಂಚಿಗೆ ಉಪ್ಪು ತಾಕಿದಂತೆನಿಸುವ ಪಾನೀಯ. ತಣ್ಣಗಿರುವುದರಿಂದ ಹಗುರವೆಂದು ತೋರುತ್ತದೆ, ನಾನು ಮೋಸ ಹೋದದ್ದು ಅಲ್ಲಿಯೇ. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 13ರಿಂದ 14ರಷ್ಟು ಮದ್ಯಸಾರ ಇರುತ್ತದೆ. ಆದಕಾರಣ ಒಂದು ಗುಟುಕು, ಒಂದು ತುತ್ತು, ಸ್ವಲ್ಪ ನೀರು, ಹೀಗೆ ಸಾಗಲಿ. ಆಕೆ ನಮಗೆ ಮೂರು ಬಗೆಯನ್ನು ಒಂದೊಂದು ಗುಟುಕಿನಷ್ಟೇ ಕೊಟ್ಟರು: ಮೊದಲು ಅಸಿರ್ಟಿಕೊ, ಆಮೇಲೆ ನಿಕ್ಟೇರಿ, ಹಿಂದೆ ಹಗಲಿನ ಸೆಕೆ ತಪ್ಪಿಸಲು ರಾತ್ರಿಯೇ ಹಿಂಡುತ್ತಿದ್ದುದರಿಂದ ಆ ಹೆಸರಂತೆ, ಕೊನೆಗೆ ವಿನ್‌ಸಾಂಟೊ. ಈ ಕೊನೆಯದನ್ನು ಮಾಡಲು ಕೊಯ್ದ ಗೊಂಚಲುಗಳನ್ನು ಹತ್ತು ದಿನಕ್ಕೂ ಮಿಕ್ಕಿ ಬಿಸಿಲಿನಲ್ಲಿ ಹರವಿ ಒಣಗಿಸಿ, ಆಮೇಲೆ ಹಿಂಡಿ, ಕಡಿಮೆಯೆಂದರೆ ಎರಡು ವರ್ಷ ಮರದ ಪೀಪಾಯಿಯಲ್ಲಿ ಇಡುತ್ತಾರೆ. ಜೋನಿಬೆಲ್ಲದ ಬಣ್ಣ, ಒಣದ್ರಾಕ್ಷಿಯ ವಾಸನೆ. ಒಂದು ಚಮಚದಷ್ಟು ಸಾಕು, ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ.

ಬೇಡವೆನಿಸಿದರೆ ಲೋಟದ ಮೇಲೆ ಅಂಗೈ ಅಡ್ಡ ಹಿಡಿ, ಯಾರೂ ಒತ್ತಾಯಿಸುವುದಿಲ್ಲ. ಹಣ ಕೊಟ್ಟಿದ್ದೇವೆಂದು ಮುಗಿಸಲು ಹೋಗಬೇಡ. ಮನೆಗೆ ಹೊಸ ಜೀವ ಬರುವ ಸೂಚನೆಯೇನಾದರೂ ಇದ್ದರೆ, ಅಥವಾ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಒಂದು ಹನಿಯನ್ನೂ ಮುಟ್ಟಬೇಡ; ಬಳ್ಳಿ, ಊಟ, ಕಡಲು ಇವಿಷ್ಟಕ್ಕೂ ಆ ಸಂಜೆಯ ಬೆಲೆ ಸಲ್ಲುತ್ತದೆ. ಅಳಿಯಂದಿರಿಗೆ ಅಲ್ಲಿ ನಾಲ್ಕು ಚಕ್ರದ ಬೈಕ್ ಬಾಡಿಗೆಗೆ ತೆಗೆದುಕೊಳ್ಳುವ ಆಸೆ ಇದೆಯೆಂದು ಕೇಳಿದೆ. ಹಗಲಿನಲ್ಲಿ ಅದು ಅವರ ಇಷ್ಟ, ಆದರೆ ಆ ಸಂಜೆ ಬೇಡವೇ ಬೇಡ ಎಂದು ನಾನು ಹೇಳಿದೆನೆಂದು ತಿಳಿಸು. ರಸ್ತೆಗಳು ಕಿರಿದು, ತಿರುವು ಹೆಚ್ಚು. ಕುಡಿದು ಗಾಡಿ ಓಡಿಸುವ ವಿಷಯದಲ್ಲಿ ಗ್ರೀಸಿನ ಕಾನೂನು ಬೈಕ್ ಸವಾರರಿಗೆ ಕಾರಿನವರಿಗಿಂತಲೂ ಬಿಗಿ. ಹೋಟೆಲಿನಿಂದಲೇ ಕರೆದೊಯ್ದು ವಾಪಸ್ ತಂದು ಬಿಡುವ ಏರ್ಪಾಡನ್ನೇ ಆರಿಸಿಕೊಳ್ಳಿ. ಎಷ್ಟು ಜನರ ಗುಂಪು, ತೋಟಕ್ಕೆ ಹಗಲಿರುವಾಗಲೇ ಕರೆದೊಯ್ಯುತ್ತಾರೆಯೇ, ಗೈಡ್ ದ್ವೀಪದವರೇ, ಗಾಳಿ ಜೋರಾದರೆ ಎಲ್ಲಿ ಕೂರಿಸುತ್ತಾರೆ ಎಂದು ಬರೆದು ಕೇಳು. ಉತ್ತರ ಬರುವ ರೀತಿಯಲ್ಲೇ ಅವರ ಶ್ರದ್ಧೆ ಗೊತ್ತಾಗುತ್ತದೆ.

ನೆಲದ ಸ್ವಭಾವವನ್ನೂ ಮರೆಯಬಾರದು. 1956ರ ಜುಲೈನಲ್ಲಿ ಭೂಕಂಪವಾಗಿ ದ್ವೀಪದ ಎಷ್ಟೋ ಮನೆಗಳು ಕುಸಿದಿದ್ದವು. 2025ರ ಫೆಬ್ರುವರಿಯಲ್ಲಿ ಮೇಲಿಂದ ಮೇಲೆ ಕಂಪನಗಳಾಗಿ ಸಾವಿರಾರು ಜನ ಊರು ಬಿಟ್ಟು ಹೋಗಿ ಆಮೇಲೆ ಮರಳಿದರು. ಹೆದರಿಸಲು ಬರೆಯುತ್ತಿಲ್ಲ, ಬಂಡೆಯ ಅಂಚಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಹುಚ್ಚು ಬೇಡವೆಂದಷ್ಟೇ ಬರೆಯುತ್ತಿದ್ದೇನೆ. ಬಿಳಿ ಮನೆಗಳ ಮಾಡುಗಳ ಮೇಲೂ ಹತ್ತಬೇಡಿ, ಅವು ಯಾರದೋ ಮಲಗುವ ಕೋಣೆಯ ಸೂರು.

ನೀವು ಹೋಗುವ ಹೊತ್ತಿಗೆ ಸೂರ್ಯ ಮುಳುಗುವುದು ಏಳೂವರೆಯ ಆಸುಪಾಸಿನಲ್ಲಿ. ಒಂದೆರಡು ಫೋಟೊ ತೆಗೆದು ಫೋನನ್ನು ಚೀಲಕ್ಕೆ ಹಾಕಿಬಿಡು. ಮುಳುಗಿದೊಡನೆ ಎದ್ದು ಹೊರಡುವ ಅವಸರ ಎಲ್ಲರಿಗೂ ಇರುತ್ತದೆ. ನೀವು ಮಾತ್ರ ಇನ್ನೂ ಅರ್ಧ ಗಂಟೆ ಕುಳಿತಿರಿ. ಅಂದು ನಾವು ಹಾಗೆ ಕುಳಿತಾಗ ಬಾನು ಮೊದಲು ಕೆಂಪಾಗಿ, ನೇರಳೆಯಾಗಿ, ಕೊನೆಗೆ ಬೂದಿ ಬಣ್ಣಕ್ಕೆ ಬಂತು, ನಮ್ಮ ಬೆನ್ನ ಹಿಂದೆ ದೀಪಸ್ತಂಭ ಉರಿಯತೊಡಗಿತು. ಆಕೆ ಆಗ ಮೆಲ್ಲಗೆ ತನ್ನ ಅಪ್ಪನ ತೋಟದ ಮಾತು ತೆಗೆದರು. ಹೋಟೆಲು ಕಟ್ಟಲು ಜಾಗ ಕೇಳುವವರು ಹೆಚ್ಚುತ್ತಿದ್ದಾರೆಂದೂ, ಬುಟ್ಟಿ ಹೆಣೆಯಲು ಬಗ್ಗಿ ಕೂರುವ ಕೈಗಳು ಕಡಿಮೆಯಾಗುತ್ತಿವೆಯೆಂದೂ ಹೇಳುವಾಗ ಅವರ ಗಂಟಲು ಕಟ್ಟಿತು. ಆಮೇಲಿನ ವರ್ಷಗಳಲ್ಲಿ ಬರವೂ ಸೇರಿಕೊಂಡು ಇಳುವರಿ ಕುಸಿದಿದೆ. ಆದ್ದರಿಂದ ನಿಮಗೆ ರುಚಿಸಿದ ಸೀಸೆಯನ್ನು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಳ್ಳುವ ಬದಲು ಬೆಳೆದವರ ಕೈಯಿಂದಲೇ ಕೊಳ್ಳಿ. ಎದ್ದು ಬರುವಾಗ ಎಫ್‌ಖರಿಸ್ತೊ ಎಂದು ಅವರ ಭಾಷೆಯಲ್ಲೇ ಧನ್ಯವಾದ ಹೇಳು. ಜಮಖಾನ ಮಡಚಲು ನೀನೂ ಒಂದು ತುದಿ ಹಿಡಿ.

ಕತ್ತಲಾದ ಮೇಲೆ ಚಳಿಗಾಳಿ ಏಳುತ್ತದೆ. ನನ್ನ ನೀಲಿ ಉಣ್ಣೆಯ ಶಾಲನ್ನು ಈ ವಾರವೇ ಪಾರ್ಸೆಲ್ ಮಾಡುತ್ತೇನೆ, ಹೊದೆಯಲೂ ಆಗುತ್ತದೆ, ಕೂರಲು ಹಾಸಲೂ ಆಗುತ್ತದೆ. ಅಂಚಿನಲ್ಲಿ ಒಂದು ವೈನಿನ ಕಲೆ ಇದೆ, ಎಷ್ಟು ಒಗೆದರೂ ಹೋಗಿಲ್ಲ. ನಿನ್ನ ಅಮ್ಮನ ಜೊತೆ ನಾಳೆ ಬೆಳಿಗ್ಗೆ ನಾನೇ ಮಾತಾಡುತ್ತೇನೆ. ನೀನು ಅದರ ಚಿಂತೆ ಬಿಟ್ಟು, ಗೈಡಿಗೆ ಕಾಗದ ಬರೆ.

ಅಳಿಯಂದಿರಿಗೂ ನನ್ನ ಆಶೀರ್ವಾದಗಳನ್ನು ತಿಳಿಸು.

ಇಂತು,
ನಿನ್ನ ದೊಡ್ಡಮ್ಮ