ಬೆಳಿಗ್ಗೆ 5ರಿಂದ 6: ಗುಂಪಿನಲ್ಲಿ ಮೆಸೇಜ್ ಬೇಡ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಬರುವ ಸೋಮವಾರದಿಂದ ಬೆಳಿಗ್ಗೆ 5ರಿಂದ 6ರವರೆಗೆ ಇಲ್ಲಿ ಯಾರೂ ಮೆಸೇಜ್ ಹಾಕುವುದು ಬೇಡ. ಶುಭೋದಯದ ಹೂವಿನ ಚಿತ್ರವೂ ಬೇಡ, ವಚನ ಬರೆದಿರುವಂಥದ್ದೂ ಬೇಡ! ತುರ್ತಿದ್ದರೆ ಫೋನ್ ಮಾಡಿ.

ಇದಕ್ಕೆ ಕಾರಣ ನಾನೇ. ಆ ಹೊತ್ತಿನಲ್ಲಿ ಸತ್ಯವೇದ (ಬೈಬಲ್) ಓದೋಣ ಅಂತ ಮೊಬೈಲ್ ತೆಗೆಯುತ್ತೇನೆ. ಅಷ್ಟರಲ್ಲಿ ಒಂದು ನೋಟಿಫಿಕೇಶನ್. ಅಲ್ಲಿಂದ ಸ್ಟೇಟಸ್, ಅಲ್ಲಿಂದ ರೀಲ್ಸ್. ಒಲೆ ಮೇಲೆ ಹಾಲು ಉಕ್ಕಿದಾಗಲೇ ಎಚ್ಚರ. ನಿಮಗೂ ಹೀಗೇ ಅಲ್ವಾ?

ಸತ್ಯವೇದದಲ್ಲಿ ಮಾರ್ಕನ ಸುವಾರ್ತೆಯ 1ನೇ ಅಧ್ಯಾಯ ನೋಡಿ. ಕಪೆರ್ನೌಮ್ ಎಂಬ ಊರಿನಲ್ಲಿ ಹಿಂದಿನ ಸಂಜೆ ಊರಿಗೆ ಊರೇ ಯೇಸುಸ್ವಾಮಿ ಇದ್ದ ಮನೆಯ ಬಾಗಿಲಿಗೆ ಬಂದಿತ್ತು. ಆದರೂ 35ನೇ ವಚನದಲ್ಲಿ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥಿಸುತ್ತಿದ್ದರು. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂತ ಅವರ ಶಿಷ್ಯ ಸೀಮೋನ ಬಂದು ಕರೆದ. ಆಗಲೂ ಅವರು ವಾಪಸ್ ಓಡಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಅಂದರು. ನನಗೆ ಜಾಸ್ತಿ ತಟ್ಟಿದ್ದು ಇದೇ.

ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ. ಈ ಒಂದು ಗಂಟೆಯಲ್ಲಿ ದಿನಕ್ಕೊಂದರಂತೆ 16 ದಿನ ಓದೋಣ. ಆದಷ್ಟು ಪುಸ್ತಕದಲ್ಲೇ ಓದಿ, ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ನೈಟ್ ಶಿಫ್ಟ್‌ನವರು, ಪುಟ್ಟ ಮಕ್ಕಳಿರುವ ಅಕ್ಕಂದಿರು ನಿಮಗೆ ಆಗುವ ಹೊತ್ತು ಇಟ್ಟುಕೊಳ್ಳಿ. ಮನೆಯಲ್ಲಿ ಸತ್ಯವೇದ ಇಲ್ಲದವರು ಭಾನುವಾರ ಆರಾಧನೆ ಮುಗಿದ ಮೇಲೆ ಹೇಳಿ, ಕೊಡುತ್ತೇನೆ.